ಮರದ ಚೇಗಿನಲ್ಲಿ ಅಡಗಿರುವ ಕಾವಲು

ಕೊಡಗಿನ ಮಳೆಗಾಲವನ್ನು ಒಮ್ಮೆಯಾದರೂ ಕಂಡವರಿಗೆ ಅದರ ಉಗ್ರತೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆಗೆ ಅದರ ಪ್ರಮಾಣ ಇನ್ನೂ ಅಧಿಕ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗೋಡೆಗೆ ತೂಗುಹಾಕಿದ ಬಟ್ಟೆಗೂ ಬೂಷ್ಟು, ಚರ್ಮದ ಪಾದರಕ್ಷೆಗೂ ಬೂಷ್ಟು, ಪುಸ್ತಕದ ರಟ್ಟಿಗೂ ಬೂಷ್ಟು. ಹೊರಗೆ ಬಿದ್ದ ಬೂರುಗದ ಹಲಗೆ ಒಂದೆರಡು ಮಳೆಗಾಲಗಳಲ್ಲಿ ಬೆರಳಿಂದ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ. ಆದರೆ ಅದೇ ನಾಡಿನ ಹಳೆಯ ಐನ್‌ಮನೆಗಳಲ್ಲಿ ಜಗಲಿಯ ಕಂಬಗಳೂ, ಕಂಬಗಳ ನಡುವೆ ಕೂರಲು ಹಾಸಿದ ಐಮರವೂ ತಲೆಮಾರುಗಳಿಂದ ಹಾಗೆಯೇ ನಿಂತಿವೆ. ಕಕ್ಕಬ್ಬೆಯ ಸಮೀಪದಲ್ಲಿ ೧೭೯೨ರ ಸುಮಾರಿಗೆ ದೊಡ್ಡವೀರರಾಜೇಂದ್ರನು ಕಟ್ಟಿಸಿದ ನಾಲ್ಕುನಾಡು ಅರಮನೆಯ ಕೆತ್ತನೆಯ ಮರವನ್ನು ನಾವು ಇಂದಿಗೂ ನೋಡಬಹುದು.

ಒಂದು ಮರ ಎರಡು ವರ್ಷಕ್ಕೆ ಮಣ್ಣಾಗುವುದೂ ಇನ್ನೊಂದು ಮರ ಎರಡು ಶತಮಾನ ಬಾಳುವುದೂ ಏಕೆ? ಚಾವಣಿಯ ನೆರಳು, ಒಲೆಯ ಹೊಗೆ, ಕಾಲಕಾಲಕ್ಕೆ ಸವರಿದ ಎಣ್ಣೆ ಇವುಗಳ ನೆರವು ಉಂಟೆಂಬುದು ನಿಜ. ಆದರೆ ಬಯಲಿನಲ್ಲಿ ನೆಟ್ಟ ಗೂಟಗಳಲ್ಲಿಯೂ ಇದೇ ವ್ಯತ್ಯಾಸ ತೋರುವುದರಿಂದ ಮುಖ್ಯ ಕಾರಣವನ್ನು ಮರದೊಳಗೇ ಹುಡುಕಬೇಕು.

ಗಟ್ಟಿತನವೇ ಕಾರಣವೆ?

ಮರ ಗಟ್ಟಿಯಾಗಿದೆ, ಆದ್ದರಿಂದ ಬಾಳುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಉತ್ತರ ಸರಿಯಲ್ಲವೆಂದು ತೋರಿಸಲು ಒಂದೇ ದಿಮ್ಮಿ ಸಾಕು. ತೇಗದ ದಿಮ್ಮಿಯನ್ನು ಅಡ್ಡ ಕೊಯ್ದು ನೋಡಿದರೆ ಹೊರಭಾಗದಲ್ಲಿ ಬಿಳುಪಾದ ಒಂದು ಉಂಗುರವೂ, ಒಳಗೆ ಹೊಂಬಣ್ಣದಿಂದ ಕಂದುಬಣ್ಣದವರೆಗಿನ ತಿರುಳೂ ಕಾಣುತ್ತವೆ. ಈ ಒಳಮರಕ್ಕೇ ಚೇಗು ಎಂದು ಹೆಸರು. ಹೊರಮರವೂ ಚೇಗೂ ಗಡಸಿನಲ್ಲಿ ಹೆಚ್ಚು ಭಿನ್ನವಲ್ಲ. ಆದರೂ ಹೊರಮರ ಬೇಗನೆ ಹುಳುಬಿದ್ದು ಕೊಳೆಯುತ್ತದೆ, ಚೇಗು ಉಳಿಯುತ್ತದೆ. ಅನುಭವಿಯಾದ ಬಡಗಿ ಕಿಟಕಿಯ ಚೌಕಟ್ಟಿಗೆ ಬಿಳಿಯಂಚು ಬಾರದಂತೆ ಮರವನ್ನು ಆರಿಸುವುದು ಈ ಕಾರಣದಿಂದಲೇ.

ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಮರಗಳ ಬಾಳಿಕೆಯನ್ನು ಅಳೆಯುವ ಕ್ರಮವೊಂದುಂಟು. ೬೦ ಸೆಂಟಿಮೀಟರ್ ಉದ್ದ, ೫ ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ದಪ್ಪದ ಚೇಗಿನ ಗೂಟಗಳನ್ನು ಸಾಲಾಗಿ ಅರ್ಧದವರೆಗೆ ನೆಲದಲ್ಲಿ ಹೂಳಿ, ಮಳೆ, ಬಿಸಿಲು, ಬೂಷ್ಟು, ಗೆದ್ದಲುಗಳಿಗೆ ಒಪ್ಪಿಸಿಬಿಡುತ್ತಾರೆ. ಗೋರಿಗಲ್ಲುಗಳ ಸಾಲಿನಂತೆ ಕಾಣುವುದರಿಂದ ಇದಕ್ಕೆ ಸ್ಮಶಾನ ಪರೀಕ್ಷೆ ಎಂಬ ಅಡ್ಡಹೆಸರು ಬಂದಿದೆ. ಸರಾಸರಿ ೧೨೦ ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತ ಮರ ಮೊದಲನೆಯ ದರ್ಜೆಯದು. ೬೦ರಿಂದ ೧೨೦ ತಿಂಗಳವರೆಗೆ ನಿಂತದ್ದು ಎರಡನೆಯದು. ಅದಕ್ಕೂ ಮೊದಲೇ ಬಿದ್ದದ್ದು ಮೂರನೆಯದು. ನಮ್ಮ ತೇಗ ಮತ್ತು ಬೀಟೆಗಳ ಚೇಗು ಮೊದಲನೆಯ ದರ್ಜೆಗೆ ಸೇರಿದೆ.

ಇನ್ನೊಂದು ಪ್ರಯೋಗ ಇದಕ್ಕಿಂತಲೂ ಸ್ಪಷ್ಟವಾಗಿ ಮಾತನಾಡುತ್ತದೆ. ಬಾಳಿಕೆಯುಳ್ಳ ಚೇಗಿನ ಚೂರುಗಳನ್ನು ಮದ್ಯಸಾರ, ಅಸಿಟೋನ್ ಮೊದಲಾದ ದ್ರವಗಳಲ್ಲಿ ನೆನೆಸಿ, ಅದರಲ್ಲಿ ಕರಗುವ ಪದಾರ್ಥಗಳನ್ನೆಲ್ಲ ಹೊರತೆಗೆದರೆ, ಮರದ ಕಟ್ಟು ಮೊದಲಿನಂತೆಯೇ ಉಳಿದಿರುತ್ತದೆ. ಆದರೆ ಈಗ ಬೂಷ್ಟು ಅದನ್ನು ಸುಲಭವಾಗಿ ತಿನ್ನುತ್ತದೆ. ಅಂದಮೇಲೆ ಮರವನ್ನು ಕಾಯುತ್ತಿದ್ದುದು ಅದರ ಗಡಸುತನವಲ್ಲ, ಹೊರಬಂದ ಆ ಸ್ವಲ್ಪ ಪದಾರ್ಥ. ಚೇಗಿನ ಬಣ್ಣವೂ ವಾಸನೆಯೂ ಬಹುಮಟ್ಟಿಗೆ ಅದರಿಂದಲೇ ಬಂದವು.

ಬೂಷ್ಟಿನ ಆಯುಧ

ಈ ಪದಾರ್ಥ ಮಾಡುವ ಕೆಲಸವನ್ನು ತಿಳಿಯಬೇಕಾದರೆ ಮೊದಲು ಶತ್ರುವಿನ ಯುದ್ಧಕ್ರಮವನ್ನು ತಿಳಿಯಬೇಕು. ಮರದ ಜೀವಕೋಶಗಳ ಗೋಡೆ ಮುಖ್ಯವಾಗಿ ಸೆಲ್ಯುಲೋಸ್ ಎಂಬ ನಾರಿನಿಂದಲೂ ಅದನ್ನು ಬಿಗಿದು ಹಿಡಿಯುವ ಲಿಗ್ನಿನ್ ಎಂಬ ಗಾರೆಯಿಂದಲೂ ಆಗಿದೆ. ಶಿಲೀಂಧ್ರಗಳು, ಅಂದರೆ ನಾವು ಬೂಷ್ಟು ಎಂದೂ ಅಣಬೆ ಎಂದೂ ಕರೆಯುವ ಜೀವಿಗಳು, ತಮ್ಮ ಸೂಕ್ಷ್ಮವಾದ ಎಳೆಗಳಿಂದ ಕಿಣ್ವಗಳನ್ನು ಸುರಿಸಿ ನಾರನ್ನು ಸಕ್ಕರೆಯಾಗಿ ಒಡೆದು ಉಣ್ಣುತ್ತವೆ. ಆದರೆ ಇಲ್ಲೊಂದು ತೊಡಕುಂಟು. ಕಿಣ್ವದ ಅಣು ದೊಡ್ಡದು. ಕೆಡದ ಮರದ ಗೋಡೆಯಲ್ಲಿರುವ ರಂಧ್ರಗಳು ಅದಕ್ಕಿಂತ ಕಿರಿದು. ಬಾಗಿಲು ಚಿಕ್ಕದಾಗಿ ಆನೆ ಹೊರಗೇ ನಿಲ್ಲಬೇಕಾದಂಥ ಸ್ಥಿತಿ ಇದು.

ಆದ್ದರಿಂದ ಶಿಲೀಂಧ್ರವು ಮೊದಲು ಚಿಕ್ಕ ಅಣುಗಳನ್ನು ಒಳಕ್ಕೆ ಕಳುಹಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಹೈಡ್ರೊಜನ್ ಪೆರಾಕ್ಸೈಡ್. ಕೇಂಬ್ರಿಜ್ಜಿನ ಫೆಂಟನ್ ಎಂಬ ರಸಾಯನಜ್ಞನು ೧೮೯೪ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದ್ದನು. ಹುಣಿಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಪೆರಾಕ್ಸೈಡ್ ಒಂದೇ ಸುಲಭವಾಗಿ ಕೆಡಿಸಲಾರದು. ಲೇಶಮಾತ್ರ ಕಬ್ಬಿಣದ ಲವಣ ಕೂಡಿದರೆ ತೀವ್ರವಾಗಿ ಉತ್ಕರ್ಷಿಸುತ್ತದೆ. ಈ ಕ್ರಿಯೆಯಲ್ಲಿ ಹುಟ್ಟುವುದು ಹೈಡ್ರಾಕ್ಸಿಲ್ ಎಂಬ ಮುಕ್ತ ರ‍್ಯಾಡಿಕಲ್ ಎಂದು ಹೇಬರ್ ಮತ್ತು ವೈಸ್ ಎಂಬವರು ೧೯೩೪ರಲ್ಲಿ ಸೂಚಿಸಿದರು. ಮರವನ್ನು ಕಂದುಬಣ್ಣದ ಪುಡಿಯನ್ನಾಗಿಸುವ ಶಿಲೀಂಧ್ರಗಳು ಇದೇ ಉಪಾಯವನ್ನು ಬಳಸುತ್ತಿರಬೇಕೆಂದು ಕೋನಿಗ್ಸ್ ಎಂಬ ವಿಜ್ಞಾನಿ ೧೯೭೪ರಲ್ಲಿ ವಾದಿಸಿದನು. ಬೇಕಾದ ಕಬ್ಬಿಣ ಮರದಲ್ಲೂ ಮಣ್ಣಿನಲ್ಲೂ ಅಲ್ಪವಾಗಿ ಇದ್ದೇ ಇರುತ್ತದೆ. ಲಿಗ್ನಿನ್ನನ್ನು ಒಡೆಯುವ ಬೇರೊಂದು ಬಗೆಯ ಶಿಲೀಂಧ್ರಗಳ ಕಿಣ್ವ ೧೯೮೩ರಲ್ಲಿ ಪತ್ತೆಯಾದಾಗ, ಅದು ಸಹ ರ‍್ಯಾಡಿಕಲ್ಲುಗಳ ಮೂಲಕವೇ ಕೆಲಸ ಮಾಡುವುದೆಂದು ತಿಳಿದುಬಂದಿತು.

ಒಂಟಿ ಎಲೆಕ್ಟ್ರಾನ್

ಮುಕ್ತ ರ‍್ಯಾಡಿಕಲ್ ಎಂದರೇನು? ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ. ಜೋಡಿ ಮುರಿದು ಒಂದು ಎಲೆಕ್ಟ್ರಾನ್ ಒಂಟಿಯಾಗಿ ಉಳಿದರೆ ಆ ಅಣು ಅತೃಪ್ತವಾಗುತ್ತದೆ. ಪಕ್ಕದ ಅಣುವಿನಿಂದ ಒಂದು ಜಲಜನಕದ ಪರಮಾಣುವನ್ನು ಅದರ ಎಲೆಕ್ಟ್ರಾನಿನೊಡನೆ ಕಿತ್ತುಕೊಂಡು ತಾನು ತೃಪ್ತವಾಗುತ್ತದೆ. ಆದರೆ ಈಗ ಆ ಪಕ್ಕದ ಅಣು ಒಂಟಿ ಎಲೆಕ್ಟ್ರಾನಿನದಾಯಿತು! ಅದು ತನ್ನ ನೆರೆಯದನ್ನು ದೋಚುತ್ತದೆ. ಹೀಗೆ ಒಂದು ರ‍್ಯಾಡಿಕಲ್ಲಿನಿಂದ ಆರಂಭವಾದ ಕ್ರಿಯೆ ಸರಪಳಿಯಂತೆ ಮುಂದುವರಿಯುತ್ತದೆ. ಬಹುಕಾಲ ತೆರೆದಿಟ್ಟ ಎಣ್ಣೆ ಕಮಟುವಾಸನೆ ಹಿಡಿಯುವುದು ಇಂಥದೇ ಸರಪಳಿಯಿಂದ.

೧೯೦೦ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮೋಸೆಸ್ ಗಾಂಬರ್ಗ್ ಮೊತ್ತಮೊದಲ ಸಾವಯವ ಮುಕ್ತ ರ‍್ಯಾಡಿಕಲ್ಲನ್ನು ತಯಾರಿಸಿದಾಗ, ಅಂಥ ವಸ್ತು ಇರಲು ಸಾಧ್ಯವೆಂದು ಅನೇಕರು ನಂಬಲಿಲ್ಲ. ಈ ಸಂದೇಹವನ್ನು ಸಂಪೂರ್ಣವಾಗಿ ತೊಡೆಯಬಲ್ಲ ಉಪಕರಣವನ್ನು ಒದಗಿಸಿದುದು ಭೌತವಿಜ್ಞಾನ. ಪ್ರತಿಯೊಂದು ಎಲೆಕ್ಟ್ರಾನೂ ಒಂದು ಅತಿ ಚಿಕ್ಕ ಅಯಸ್ಕಾಂತ. ಜೋಡಿಯಾಗಿರುವಾಗ ಎರಡರ ಕಾಂತತ್ವವೂ ಪರಸ್ಪರ ಅಳಿಸಿಹೋಗುತ್ತದೆ. ಒಂಟಿಯಾಗಿರುವಾಗ ಅದು ಪ್ರಕಟವಾಗುತ್ತದೆ. ಪದಾರ್ಥವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅದರ ಮೇಲೆ ಸೂಕ್ಷ್ಮತರಂಗಗಳನ್ನು ಹಾಯಿಸಿದರೆ, ಒಂಟಿ ಎಲೆಕ್ಟ್ರಾನುಗಳು ನಿರ್ದಿಷ್ಟ ಆವರ್ತಾಂಕದ ತರಂಗಗಳನ್ನು ಹೀರಿಕೊಂಡು ತಮ್ಮ ಇರವನ್ನು ತಾವೇ ಸಾರುತ್ತವೆ. ಈ ಅನುರಣನವನ್ನು ೧೯೪೪ರಲ್ಲಿ ಕಜಾನಿನ ಜವೋಯ್‌ಸ್ಕಿ ಕಂಡುಹಿಡಿದನು. ಬಿಸಿಲಿಗೆ ಒಡ್ಡಿದ ಮರದ ಚೂರನ್ನು ಹೀಗೆ ಪರೀಕ್ಷಿಸಿದರೆ, ನೇರಳಾತೀತ ಕಿರಣಗಳಿಂದ ಲಿಗ್ನಿನ್ನಿನಲ್ಲಿ ಹುಟ್ಟಿದ ರ‍್ಯಾಡಿಕಲ್ಲುಗಳ ಗುರುತು ಸ್ಪಷ್ಟವಾಗಿ ದೊರೆಯುತ್ತದೆ. ಬಯಲಿನಲ್ಲಿರುವ ಮರ ಬೂದುಬಣ್ಣಕ್ಕೆ ತಿರುಗುವುದರ ಮೂಲವೂ ಇದೇ.

ಕಾಡಿನ ಬೆಂಕಿರೇಖೆ

ಇಂಥ ಸರಪಳಿಯನ್ನು ತುಂಡರಿಸುವ ಸಂಯುಕ್ತಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಚೇಗಿನಲ್ಲಿರುವ ನಿರೋಧಕಗಳಲ್ಲಿ ಬಹುಪಾಲು ಫೀನಾಲ್ ವರ್ಗಕ್ಕೆ ಸೇರಿದವು. ಅಂದರೆ ಆರು ಇಂಗಾಲದ ಉಂಗುರಕ್ಕೆ ಜಲಜನಕ-ಆಮ್ಲಜನಕಗಳ ಒಂದು ಅಥವಾ ಹಲವು ಜೋಡಿಗಳು ಅಂಟಿಕೊಂಡಿರುವಂಥವು. ರ‍್ಯಾಡಿಕಲ್ ಬಂದು ಬಡಿದಾಗ ಫೀನಾಲ್ ತನ್ನ ಜಲಜನಕವನ್ನು ಸುಲಭವಾಗಿ ಕೊಟ್ಟುಬಿಡುತ್ತದೆ. ಈಗ ಫೀನಾಲೂ ಒಂದು ರ‍್ಯಾಡಿಕಲ್ ಆಯಿತಲ್ಲವೆ ಎಂದು ವಾಚಕರು ಕೇಳಬಹುದು. ಆಯಿತು, ಆದರೆ ಅದರ ಒಂಟಿ ಎಲೆಕ್ಟ್ರಾನ್ ಒಂದೇ ಕಡೆ ನಿಲ್ಲದೆ ಉಂಗುರದುದ್ದಕ್ಕೂ ಹರಡಿಕೊಳ್ಳುತ್ತದೆ. ಒಬ್ಬನ ಹೆಗಲನ್ನು ಮುರಿಯುವ ದಿಮ್ಮಿಯನ್ನು ಆರು ಜನ ಹೊತ್ತರೆ ಯಾರಿಗೂ ಭಾರವಾಗದಂತೆ, ಹರಡಿಹೋದ ಎಲೆಕ್ಟ್ರಾನಿಗೆ ನೆರೆಯವನನ್ನು ದೋಚುವ ಆತುರವಿರುವುದಿಲ್ಲ. ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಬೇಸಗೆಗೆ ಮುಂಚೆ ನಾಗರಹೊಳೆಯ ಕಾಡಿನಲ್ಲಿ ಅರಣ್ಯದವರು ಪಟ್ಟಿಯಾಗಿ ಹುಲ್ಲುಪೊದೆಗಳನ್ನು ಸವರಿ ಬೆಂಕಿರೇಖೆಗಳನ್ನು ಮಾಡಿಡುತ್ತಾರಷ್ಟೆ. ಬೆಂಕಿ ಅಲ್ಲಿಯವರೆಗೆ ಬಂದು, ಮುಂದೆ ಹಿಡಿಯಲು ಏನೂ ಸಿಗದೆ ಆರಿಹೋಗುತ್ತದೆ. ಮರದ ಗೋಡೆಯಲ್ಲಿ ಫೀನಾಲುಗಳು ಇಂಥ ಬೆಂಕಿರೇಖೆಗಳು.

ಅವು ಮಾಡುವ ಇನ್ನೊಂದು ಉಪಕಾರವೂ ಉಂಟು. ಹಿಂದೆ ನಮ್ಮವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಕಪ್ಪು ಶಾಯಿಯನ್ನು ತಯಾರಿಸುತ್ತಿದ್ದರು. ಕಾಯಿಯಲ್ಲಿರುವ ಫೀನಾಲುಗಳು ಅನ್ನಭೇದಿಯ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಆ ಕಪ್ಪು ಬರುತ್ತದೆ. ಒದ್ದೆಯಾದ ಗಡಸುಮರದಲ್ಲಿ ಕಬ್ಬಿಣದ ಮೊಳೆಯ ಸುತ್ತಲೂ ಮೂಡುವ ಕಪ್ಪು ಕಲೆಯೂ ಇಂಥದೇ ಶಾಯಿ. ಹೀಗೆ ಸೆರೆಸಿಕ್ಕ ಕಬ್ಬಿಣ ಫೆಂಟನ್ ಕ್ರಿಯೆಗೆ ಸುಲಭವಾಗಿ ಒದಗುವುದಿಲ್ಲ. ಶತ್ರುವಿನ ಮದ್ದಿನ ಚೀಲವನ್ನೇ ಕಿತ್ತುಕೊಂಡಂತಾಯಿತು.

ಹಿಂದೆ ವಿಜ್ಞಾನಿಗಳು ಚೇಗಿನ ಪದಾರ್ಥಗಳನ್ನು ಶಿಲೀಂಧ್ರಗಳಿಗೆ ವಿಷವೆಂದು ಮಾತ್ರ ಭಾವಿಸಿದ್ದರು. ಆದರೆ ಅವುಗಳಲ್ಲಿ ಅನೇಕ ಪದಾರ್ಥಗಳು ಪ್ರಯೋಗಶಾಲೆಯಲ್ಲಿ ಬಹಳ ಸೌಮ್ಯವಾದ ವಿಷಗಳಾಗಿ ಕಂಡುಬಂದುದು ಒಂದು ಒಗಟಾಗಿತ್ತು. ಅಮೆರಿಕದ ಮಿಸಿಸಿಪಿಯ ಷುಲ್ಟ್ಸ್ ಮತ್ತು ನಿಕೊಲಸ್ ಎಂಬವರು ೨೦೦೦ದಲ್ಲಿ ಇದಕ್ಕೆ ಉತ್ತರವನ್ನು ಸೂಚಿಸಿದರು. ಶಿಲೀಂಧ್ರಗಳನ್ನು ಕೊಲ್ಲುವ ಒಂದು ಮದ್ದಿನ ಜೊತೆಗೆ, ಆಹಾರಪದಾರ್ಥಗಳು ಕೆಡದಂತೆ ಬಳಸುವ ಒಂದು ನಿರೋಧಕವನ್ನು ಅವರು ಮರಕ್ಕೆ ಸೇರಿಸಿ ನೋಡಿದರು. ಆ ನಿರೋಧಕ ತಾನೊಂದೇ ಶಿಲೀಂಧ್ರವನ್ನು ಕೊಲ್ಲುವಂಥದಲ್ಲ. ಆದರೂ ಎರಡೂ ಸೇರಿದಾಗ ದೊರೆತ ರಕ್ಷಣೆ ಒಂದೊಂದರ ಮೊತ್ತವನ್ನೂ ಮೀರಿತು. ಚೇಗಿನ ಪದಾರ್ಥಗಳು ವಿಷವಾಗಿಯೂ ನಿರೋಧಕಗಳಾಗಿಯೂ ಎರಡು ಕೈಗಳಿಂದ ಕಾದಾಡುತ್ತವೆ ಎಂಬುದು ಅವರ ಮತ.

ನಮ್ಮ ಕಾಡಿನ ಭಂಡಾರ

ಕೊಡಗಿನ ಮರಗಳಲ್ಲಿ ಒಂದೊಂದರ ಬೊಕ್ಕಸವೂ ಬೇರೆಬೇರೆ. ಹೊನ್ನೆಯ ಚೇಗಿನಲ್ಲಿ ಟೆರೊಸ್ಟಿಲ್ಬೀನ್ ಎಂಬ ಫೀನಾಲ್ ಇದೆ. ಅದರ ದಾಯಾದಿಯಾದ ರಕ್ತಚಂದನದಿಂದ ಈ ಸಂಯುಕ್ತವನ್ನು ೧೯೪೦ರ ವೇಳೆಗೆ ಬೇರ್ಪಡಿಸಲಾಗಿತ್ತು. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಪ್ರಸಿದ್ಧವಾದ ರೆಸ್ವೆರಟ್ರಾಲಿಗೆ ಇದು ಹತ್ತಿರದ ಸಂಬಂಧಿ. ಪಶ್ಚಿಮಘಟ್ಟದ ಕಿರಾಲಭೋಗಿ ಮರ ಅದೇ ರೆಸ್ವೆರಟ್ರಾಲಿನ ಅಣುಗಳನ್ನು ಎರಡು, ಮೂರು, ನಾಲ್ಕಾಗಿ ಹೆಣೆದು ದೊಡ್ಡ ಅಣುಗಳನ್ನು ಕಟ್ಟುತ್ತದೆ. ಬೀಟೆಯ ಕಡುನೇರಳೆ ಚೇಗಿನಲ್ಲಿ ಲ್ಯಾಟಿಫೋಲಿನ್, ಡಾಲ್ಬರ್ಜಿನ್ ಮೊದಲಾದವುಗಳುಂಟು. ಮೊದಲನೆಯದರ ಹೆಸರೇ ಆ ಮರದ ಶಾಸ್ತ್ರೀಯ ನಾಮದಿಂದ ಬಂದಿದೆ. ಮತ್ತಿಯಲ್ಲಿ ಎಲಾಜಿಕ್ ಆಮ್ಲವುಂಟು. ಹಲಸಿನ ಚೇಗಿಗೆ ಹಳದಿಯ ಬಣ್ಣವನ್ನು ಕೊಡುವ ಮೋರಿನ್ ಸಹ ಇದೇ ಕುಲದ್ದು. ಬೌದ್ಧ ಭಿಕ್ಷುಗಳ ಕಾಷಾಯವಸ್ತ್ರಕ್ಕೆ ಹಲಸಿನ ಮರದ ಬಣ್ಣವನ್ನು ಕಟ್ಟುವ ವಾಡಿಕೆ ಹಳೆಯದು. ನಮ್ಮ ದೇಶದಲ್ಲಿ ಟಿ. ಆರ್. ಶೇಷಾದ್ರಿ ಮತ್ತು ಕೆ. ವೆಂಕಟರಾಮನ್ ಅವರು ತಮ್ಮ ಶಿಷ್ಯರೊಡನೆ ಇಂಥ ಮರಗಳ ಬಣ್ಣದ ಸಂಯುಕ್ತಗಳನ್ನು ಶೋಧಿಸಿ ಕೀರ್ತಿಗಳಿಸಿದರು.

ಎಲ್ಲ ಮರಗಳ ಕಾವಲೂ ಒಂದೇ ಬಗೆಯದೆಂದು ಮಾತ್ರ ತಿಳಿಯಬಾರದು. ತೇಗದಲ್ಲಿ ಟೆಕ್ಟೊಕ್ವಿನೋನ್ ಎಂಬ ಸಂಯುಕ್ತ ಗೆದ್ದಲನ್ನು ದೂರವಿಡುತ್ತದೆ. ಅದರಲ್ಲಿರುವ ಒಂದಿಷ್ಟು ರಬ್ಬರಿನಂಥ ಪದಾರ್ಥ ನೀರನ್ನು ತಡೆಯುತ್ತದೆ.

ಯಾವ ಮರದ ಸಾರದಲ್ಲಿ ಎಷ್ಟು ನಿರೋಧಕ ಶಕ್ತಿಯಿದೆ ಎಂದು ಅಳೆಯಲು ಒಂದು ಅಂದವಾದ ಉಪಾಯವುಂಟು. ಡಿಪಿಪಿಎಚ್ ಎಂಬ ಒಂದು ರ‍್ಯಾಡಿಕಲ್ ಅಸಾಧಾರಣವಾಗಿ ಸ್ಥಿರವಾದುದು. ಸೀಸೆಯಲ್ಲಿ ಪುಡಿಯಾಗಿ ಇಟ್ಟುಕೊಳ್ಳಬಹುದು. ಅದರ ದ್ರಾವಣ ಗಾಢವಾದ ನೇರಳೆಬಣ್ಣದ್ದು. ನಿರೋಧಕವನ್ನು ಬೆರೆಸಿದೊಡನೆ ಒಂಟಿ ಎಲೆಕ್ಟ್ರಾನಿಗೆ ಜೊತೆ ದೊರೆತು ನೇರಳೆ ಮಾಯವಾಗಿ ತಿಳಿಹಳದಿ ಉಳಿಯುತ್ತದೆ. ೫೧೭ ನ್ಯಾನೊಮೀಟರಿನ ಹಸಿರು ಬೆಳಕು ದ್ರಾವಣದಲ್ಲಿ ಎಷ್ಟು ಹೀರಲ್ಪಡುತ್ತದೆಂದು ಅಳೆದರೆ ಲೆಕ್ಕ ಸಿಗುತ್ತದೆ. ಬ್ಲಾಯ್ಸ್ ಎಂಬವನು ೧೯೫೮ರಲ್ಲಿ ವಿವರಿಸಿದ ಈ ಕ್ರಮ ಇಂದಿಗೂ ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿದೆ.

ಹೊನ್ನೆಯ ಲೋಟದ ನೀರು

ಹೊನ್ನೆಯ ಮರದಿಂದ ಕಡೆದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿದರೆ ಸಿಹಿಮೂತ್ರರೋಗಕ್ಕೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಪ್ರಚಲಿತವಾಗಿದೆ. ಆ ನೀರನ್ನು ಗಾಜಿನ ಪಾತ್ರೆಗೆ ಸುರಿದು, ಬೆಳಕಿಗೆ ಅಡ್ಡ ಹಿಡಿದರೆ ಅದು ಚಹದಂತೆ ಹೊಂಬಣ್ಣವಾಗಿ ತೋರುತ್ತದೆ. ಹಿಂದೆ ಕಪ್ಪು ಬಟ್ಟೆಯನ್ನಿಟ್ಟು ಬಿಸಿಲಿನಲ್ಲಿ ಪಕ್ಕದಿಂದ ನೋಡಿದರೆ ನೀಲಿಯ ಛಾಯೆ ಹೊಳೆಯುತ್ತದೆ. ಮರದಿಂದ ಕರಗಿಬಂದ ಸಂಯುಕ್ತಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ಕಾಣುವ ನೀಲಿ ಬೆಳಕಾಗಿ ಹೊರಬಿಡುವುದೇ ಇದರ ಕಾರಣ. ಮೆಕ್ಸಿಕೋ ದೇಶದ ಒಂದು ಮರದ ಕಷಾಯದಲ್ಲಿ ಇಂಥ ನೀಲಿಯನ್ನು ಸ್ಪೇನಿನ ವೈದ್ಯ ಮೊನಾರ್ಡೆಸ್ ೧೫೬೫ರಲ್ಲಿ ವರ್ಣಿಸಿದ್ದನು. ಅಂಥ ಮರದ ನೀರಿಗೆ ಆಮ್ಲ ಸೇರಿಸಿದರೆ ನೀಲಿ ಅಳಿಯುವುದೆಂದೂ ಕ್ಷಾರ ಸೇರಿಸಿದರೆ ಮರಳುವುದೆಂದೂ ರಾಬರ್ಟ್ ಬಾಯ್ಲ್ ೧೬೬೪ರಲ್ಲಿ ಬರೆದನು. ಫಿಲಿಪೈನ್ಸ್ ದ್ವೀಪಗಳಲ್ಲಿ ಹೊನ್ನೆಯ ಕುಲದ ಇನ್ನೊಂದು ಮರದಿಂದಲೂ ಇಂಥ ಲೋಟಗಳನ್ನು ಮಾಡುತ್ತಿದ್ದರು. ೧೮೫೨ರಲ್ಲಿ ಸ್ಟೋಕ್ಸನು ಈ ಬಗೆಯ ಹೊಳಪಿನ ನಿಯಮವನ್ನು ಬಿಡಿಸಿಹೇಳಿದನು.

ನೀಲಿಯ ಹೊಳಪು ಭೌತವಿಜ್ಞಾನದ ಸತ್ಯ. ಅದು ರೋಗ ಗುಣವಾಗುವುದೆಂಬುದಕ್ಕೆ ಸಾಕ್ಷ್ಯವಲ್ಲ. ಹೊನ್ನೆಯ ಸಾರವನ್ನು ಸಿಹಿಮೂತ್ರರೋಗಿಗಳ ಮೇಲೆ ಪರೀಕ್ಷಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ ೧೯೯೮ರಲ್ಲಿ ಭರವಸೆಯ ವರದಿಯನ್ನು ಪ್ರಕಟಿಸಿತು. ಆದರೆ ಅಲ್ಲಿ ಅಳತೆಮಾಡಿ ಕೊಟ್ಟ ಸಾರವೇ ಬೇರೆ, ಲೋಟದ ನೀರೇ ಬೇರೆ. ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಲೋಟವನ್ನು ನಂಬುವುದು ಅಪಾಯಕರ. ನಿರೋಧಕಗಳು ಹೆಚ್ಚಾದಷ್ಟೂ ದೇಹಕ್ಕೆ ಹಿತವೆಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ ೨೯,೧೩೩ ಗಂಡಸರ ಮೇಲೆ ನಡೆದು ೧೯೯೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾ ಕ್ಯಾರೊಟೀನ್ ಎಂಬ ನಿರೋಧಕವನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ ೧೮ರಷ್ಟು ಹೆಚ್ಚಾಗಿಯೇ ಕಂಡಿತು. ಮರದ ಸತ್ತ ಗೋಡೆಯನ್ನು ಕಾಯುವ ವಸ್ತು ಜೀವಂತ ದೇಹದಲ್ಲಿಯೂ ಅದೇ ಕೆಲಸ ಮಾಡುವುದೆಂದು ಪರೀಕ್ಷಿಸದೆ ಹೇಳಲಾಗದು.

ಕಾಲವೇ ಬೆಲೆ

ಈ ಕಾವಲನ್ನು ಮರ ಯಾವಾಗ ನಿರ್ಮಿಸುತ್ತದೆ? ಎಳೆಯ ಮರದಲ್ಲಿ ಎಲ್ಲವೂ ಹೊರಮರವೇ. ಮರ ದಪ್ಪವಾದಂತೆ ಒಳಗಿನ ಪದರಗಳು ನೀರನ್ನು ಸಾಗಿಸುವ ಕೆಲಸದಿಂದ ನಿವೃತ್ತವಾಗುತ್ತವೆ. ಅಲ್ಲಿಯ ಜೀವಂತ ಕೋಶಗಳು ಸಾಯುವ ಮುನ್ನ, ತಾವು ಕೂಡಿಟ್ಟ ಪಿಷ್ಟ ಮತ್ತು ಸಕ್ಕರೆಯನ್ನು ವೆಚ್ಚಮಾಡಿ ಫೀನಾಲುಗಳನ್ನು ತಯಾರಿಸುತ್ತವೆ. ಅವು ಸುತ್ತಲ ಗೋಡೆಗಳಿಗೆ ಇಂಗುತ್ತವೆ. ಹೀಗೆ ಪದರದ ಮೇಲೆ ಪದರವಾಗಿ, ವರ್ಷದ ಮೇಲೆ ವರ್ಷವಾಗಿ ಚೇಗು ಬೆಳೆಯುತ್ತದೆ. ಬೇಗ ಬೆಳೆಸಿ ಬೇಗ ಕಡಿದ ತೇಗದ ದಿಮ್ಮಿಯಲ್ಲಿ ಬಿಳಿಯ ಹೊರಮರದ ಪಾಲು ಹೆಚ್ಚು, ಚೇಗಿನ ಪಾಲು ಕಡಿಮೆ. ಅಂಥ ಮರಕ್ಕೆ ತೇಗವೆಂಬ ಹೆಸರಿದ್ದರೂ ಹಳೆಯ ತೇಗದ ಬಾಳಿಕೆಯನ್ನು ಅದರಿಂದ ನಿರೀಕ್ಷಿಸಲಾಗದು.

ಕೊಡಗಿನ ಇಂದಿನ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಕಾಫಿತೋಟಗಳಲ್ಲಿ ನೆರಳಿಗಾಗಿ ನಿಂತಿದ್ದ ಹೊನ್ನೆ, ಮತ್ತಿ, ಬೀಟೆ, ಹಲಸುಗಳ ಜಾಗವನ್ನು ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಬಹುಮಟ್ಟಿಗೆ ಆಕ್ರಮಿಸುತ್ತಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಅದಕ್ಕೆ ವಿನಾಯಿತಿ ಇರುವುದರಿಂದ ಕಡಿಯುವುದೂ ಸುಲಭ. ಕಾಡುಮರವನ್ನು ಬೆಳೆಸಿದವನಿಗೆ ಅದನ್ನು ಕಡಿಯಲು ಅನುಮತಿಗಾಗಿ ಅಲೆದಾಟ. ಬಾಣೆ ಜಮೀನಿನ ಮರವಾದರೆ ಅದು ಯಾರ ಸೊತ್ತೆಂಬ ಪ್ರಶ್ನೆ ಬೇರೆ. ಹೀಗಿರುವಾಗ ಬೆಳೆಗಾರನನ್ನು ದೂರುವುದು ನ್ಯಾಯವಲ್ಲ. ಬೀಟೆ ಮತ್ತು ಅದರ ಕುಲದ ಮರಗಳೆಲ್ಲವೂ ೨೦೧೭ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿವೆ ಎಂಬುದರಿಂದಲೇ ಅವು ಎಷ್ಟು ವಿರಳವಾಗುತ್ತಿವೆ ಎಂದು ಊಹಿಸಬಹುದು.

ಮರವನ್ನು ಕೆಡದಂತೆ ಕಾಯಲು ಇಂದು ತಾಮ್ರವೇ ಮೊದಲಾದ ಲೋಹಗಳ ಲವಣಗಳನ್ನು ಒತ್ತಡದಿಂದ ಅದರೊಳಕ್ಕೆ ತುಂಬುತ್ತಾರೆ. ಅವುಗಳಲ್ಲಿ ಕೆಲವು ಮಣ್ಣಿಗೂ ನೀರಿಗೂ ಹಾನಿಕರವಾದವು. ನಿರೋಧಕಗಳ ನೆರವಿನಿಂದ ಈ ವಿಷಗಳ ಪ್ರಮಾಣವನ್ನು ತಗ್ಗಿಸಬಹುದೆ ಎಂಬ ಶೋಧ ನಡೆದಿದೆ. ಆ ಶೋಧಕ್ಕೆ ಪಾಠ ಹೇಳಬಲ್ಲ ಹಳೆಯ ಮರಗಳು ಕೊಡಗಿನ ಸಾವಿರದ ಇನ್ನೂರಕ್ಕೂ ಮಿಗಿಲಾದ ದೇವರಕಾಡುಗಳಲ್ಲಿ ಇನ್ನೂ ಉಳಿದಿವೆ. ಟೆರೊಸ್ಟಿಲ್ಬೀನಿನಂಥ ಒಂದು ಅಣುವನ್ನು ರಸಾಯನಜ್ಞನು ಪ್ರಯೋಗಶಾಲೆಯಲ್ಲಿ ಕೆಲವೇ ದಿನಗಳಲ್ಲಿ ಕಟ್ಟಬಲ್ಲನು. ಆದರೆ ಅಂಥ ಹತ್ತಾರು ಅಣುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಪ್ರತಿಯೊಂದು ಕೋಶದ ಗೋಡೆಗೂ ಇಂಗಿಸಿದ ಒಂದು ಕಂಬವನ್ನು ಪಡೆಯಬೇಕಾದರೆ, ಇಂದು ನೆಟ್ಟ ಹೊನ್ನೆಯ ಸಸಿಯನ್ನು ಮೊಮ್ಮಕ್ಕಳ ಕಾಲದವರೆಗೆ ಕಡಿಯದೆ ಬಿಡುವುದಲ್ಲದೆ ಬೇರೆ ದಾರಿಯಿಲ್ಲ.